ಅಣ್ಣನಿಗೆ ಪಿಂಚಣಿ, ತಮ್ಮನಿಗೆ ಪಹಣಿ

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಕಡೆ ಬೆಳಗಿನ ಹೊತ್ತು ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಹಿರಿಯರ ಮಾತು ಕಬ್ಬಿನ ಕಟಾವು, ನಾಲೆಗೆ ನೀರು ಬಿಡುವ ದಿನ, ಯಾರದೋ ಮಗಳ ಮದುವೆ ಎಲ್ಲವನ್ನೂ ಸುತ್ತಿ ಬರುತ್ತದೆ. ಅಷ್ಟರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲೊಂದು ಚೀಲ ಹಿಡಿದು ಹಾದುಹೋದರೆ ಸಾಕು, ಯಾರ ಬಾಯಿಂದಲಾದರೂ ಆ ಮಾತು ಬಿದ್ದೇ ಬೀಳುತ್ತದೆ: "ಅವ್ರಿಗೇನಪ್ಪ, ಪಿಂಚಣಿ ಬತ್ತದೆ."

ಅದರಲ್ಲಿ ದೊಡ್ಡ ಹೊಟ್ಟೆಕಿಚ್ಚೇನೂ ಇಲ್ಲ. ಆದರೆ ಐವತ್ತು ವರ್ಷದ ಹಿಂದಿನ ಒಂದು ಲೆಕ್ಕ ತಲೆಕೆಳಗಾದ ಸಂಕಟ ಇದೆ.

ಈ ಸೀಮೆಯ ಯಾವ ಊರಲ್ಲಾದರೂ ಸಿಗಬಹುದಾದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಬೇಡ. ಅಣ್ಣ ತಮ್ಮ ಇಬ್ಬರು, ಅಪ್ಪನಿಗೆ ನಾಲ್ಕು ಎಕರೆ ನೀರಾವರಿ. 1970ರ ಹೊತ್ತಿಗೆ ಅಣ್ಣ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಟಿ.ಸಿ.ಎಚ್. ಮುಗಿಸಿ ಪ್ರಾಥಮಿಕ ಶಾಲೆಯ ಮೇಷ್ಟ್ರಾದ. ತಮ್ಮ ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟು ನೇಗಿಲು ಹಿಡಿದ. ಆಗ ಊರು ಅಯ್ಯೋ ಎಂದದ್ದು ಯಾರನ್ನು ನೋಡಿ? ಮೇಷ್ಟ್ರನ್ನು ನೋಡಿ. ತಿಂಗಳ ಕೊನೆಗೆ ಕೈಗೆ ಬರುವ ಅಲ್ಪ ಸಂಬಳ, ಮೂರು ವರ್ಷಕ್ಕೊಮ್ಮೆ ವರ್ಗ, ಗೊತ್ತಿಲ್ಲದ ಊರಲ್ಲಿ ಬಾಡಿಗೆ ಮನೆ. ತಮ್ಮನೋ ಗದ್ದೆಯ ಯಜಮಾನ. ಎತ್ತಿನ ಗಾಡಿ ತುಂಬ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಮುಂದೆ ಸಾಲಿನಲ್ಲಿ ನಿಲ್ಲುವುದೇ ಒಂದು ಗತ್ತು. ಹೆಣ್ಣು ಕೊಡುವವರೂ ಮೊದಲು ಕೇಳುತ್ತಿದ್ದದ್ದು ನಾಲೆ ಬಯಲಿನಲ್ಲಿ ಎಷ್ಟು ಎಕರೆ ಇದೆ ಎಂದೇ.

ಆ ಲೆಕ್ಕಕ್ಕೆ ಕಾರಣವೂ ಇತ್ತು. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿ ಕಟ್ಟೆ ಪೂರ್ತಿಯಾಯಿತು. ಇರ್ವಿನ್ ನಾಲೆ ಹರಿದು ಬೆದ್ದಲೆಲ್ಲ ಗದ್ದೆಯಾಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಷುಗರ್, ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ ಮುದ್ದೆಯ ಮನೆಗಳಿಗೆ ನಗದು ಬಂತು. ಮಳವಳ್ಳಿಯ ಬೆದ್ದಲಿನಲ್ಲಿ ಮಳೆಗೆ ಮುಖ ಮಾಡಿ ಕೂತವರು ಈ ಬಯಲಿನವರನ್ನು ನೋಡಿ ಪುಣ್ಯವಂತರು ಎನ್ನುತ್ತಿದ್ದರು. ನೀರಿದ್ದ ಮೇಲೆ ಮುಪ್ಪಿನ ಚಿಂತೆ ಏಕೆ? ಗದ್ದೆಯೇ ಪಿಂಚಣಿ, ಮಕ್ಕಳೇ ವಿಮೆ.

ಈಗ ಅಣ್ಣನೂ ತಮ್ಮನೂ ಎಪ್ಪತ್ತೈದರ ಆಚೀಚೆ. ನಾಲ್ಕು ಎಕರೆ ಇಬ್ಬರಿಗೆ ಪಾಲಾಯಿತು, ತಮ್ಮನ ಎರಡು ಎಕರೆ ಅವನ ಇಬ್ಬರು ಗಂಡುಮಕ್ಕಳಿಗೆ ಒಂದೊಂದಾಯಿತು, ಮೊಮ್ಮಕ್ಕಳ ಕಾಲಕ್ಕೆ ಎಕರೆಯ ಲೆಕ್ಕ ಹೋಗಿ ಗುಂಟೆಯ ಲೆಕ್ಕ ಬರುತ್ತದೆ. ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2015-16ರ ಗಣತಿಯಲ್ಲಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ. ನಾಲೆ ಸೀಮೆಯಲ್ಲಿ ಅಷ್ಟಿದ್ದವನು ಈಗ ದೊಡ್ಡ ರೈತ. ಇನ್ನೊಂದು ವಿಷಯವನ್ನು ಬೆಂಚಿನ ಮೇಲೆ ಕೂತವರು ಮರೆಯುವುದಿಲ್ಲ: ಅಣ್ಣನಿಗೆ ಪಿಂಚಣಿಯ ಜೊತೆಗೆ ಪಹಣಿಯೂ ಇದೆ. ತನ್ನ ಪಾಲಿನ ಎರಡು ಎಕರೆಯನ್ನು ತಮ್ಮನಿಗೋ ಬೇರೆಯವರಿಗೋ ವಾರಕ್ಕೆ ಕೊಟ್ಟು ಅವನು ಪೇಟೆಯಲ್ಲಿದ್ದಾನೆ.

ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ಪಿಂಚಣಿ ಪದ್ಧತಿಯಲ್ಲಿ ಪೂರ್ಣ ಸೇವೆ ಮುಗಿಸಿದ ಸರ್ಕಾರಿ ನೌಕರನಿಗೆ ಕೊನೆಯ ಮೂಲ ವೇತನದ ಅರ್ಧ ಸಿಗುತ್ತದೆ, ಅದರ ಮೇಲೆ ತುಟ್ಟಿಭತ್ಯೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಕನಿಷ್ಠ ಪಿಂಚಣಿಯೇ ತಿಂಗಳಿಗೆ 13,500 ರೂಪಾಯಿ. ಇದು ಜವಾನನಾಗಿ ನಿವೃತ್ತನಾದವನ ಮಟ್ಟ. ಮೇಷ್ಟ್ರದು ಇದಕ್ಕಿಂತ ಮೇಲೆ. ತಮ್ಮನಿಗೆ 65 ದಾಟಿದ ಮೇಲೆ, ಅರ್ಜಿ ಮಂಜೂರಾದರೆ, ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ದಿನಕ್ಕೆ 40. ಉದ್ಯೋಗ ಖಾತ್ರಿಯಲ್ಲಿ 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಮೂರು ದಿನ ಗುದ್ದಲಿ ಹಿಡಿದವನ ಕೂಲಿಗೂ ಮುದುಕನ ಒಂದು ತಿಂಗಳ ಮಾಸಾಶನಕ್ಕೂ ತೊಂಬತ್ತು ರೂಪಾಯಿಯಷ್ಟೇ ಅಂತರ. ಕಬ್ಬಿನ ಭಾಷೆಯಲ್ಲಿ ಹೇಳುವುದಾದರೆ, ಕೇಂದ್ರ ಸರ್ಕಾರ ಅದೇ ಸಾಲಿಗೆ ನಿಗದಿ ಮಾಡಿದ ದರದಲ್ಲಿ ಒಂದು ಟನ್ನಿನ ಮೂರನೇ ಒಂದು ಪಾಲು.

ಮೊತ್ತದ ಅಂತರಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ಮೇಷ್ಟ್ರ ಪಿಂಚಣಿ ಬೆಲೆಯ ಜೊತೆ ಏರುತ್ತದೆ. ಬೇಳೆ, ಎಣ್ಣೆ ತುಟ್ಟಿಯಾದರೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆಯ ಆದೇಶ ಹೊರಡುತ್ತದೆ, ಅವರು ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಸಂಧ್ಯಾ ಸುರಕ್ಷಾ ಏರಬೇಕಾದರೆ ಚುನಾವಣೆ ಬರಬೇಕು, ಇಲ್ಲವೇ ಮುಖ್ಯಮಂತ್ರಿ ಬದಲಾಗಬೇಕು. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರಂಥ ಅಸಂಘಟಿತ ದುಡಿಮೆಗಾರರಿಗಾಗಿ 2007ರಲ್ಲಿ ಶುರುವಾದಾಗ ಅದು 400 ರೂಪಾಯಿ. 2018ರಲ್ಲಿ 600 ಇದ್ದದ್ದು ಸಾವಿರವಾಯಿತು, 2021ರಲ್ಲಿ 1,200. ಅಲ್ಲಿಂದ ಈಚೆಗೆ ಪೆಟ್ರೋಲಿಗೂ ಮಾತ್ರೆಗೂ ಕಾಫಿಪುಡಿಗೂ ಬೆಲೆ ಏರಿದೆ, ಇದು ಕೂತಲ್ಲೇ ಕೂತಿದೆ. ಕೇಂದ್ರದ ವೃದ್ಧಾಪ್ಯ ವೇತನದ ಕಥೆ ಇನ್ನೂ ವಿಚಿತ್ರ. 1995ರ ಆಗಸ್ಟ್ 15ರಂದು ಅದು ಆರಂಭವಾದದ್ದು 75 ರೂಪಾಯಿಯಿಂದ. 2006ರಲ್ಲಿ 200 ಆಯಿತು. ಎಂಬತ್ತು ದಾಟದವರ ಮಟ್ಟಿಗೆ ದಿಲ್ಲಿಯ ಪಾಲು ಈ ಹೊತ್ತಿಗೂ 200 ರೂಪಾಯಿಯೇ. ಉಳಿದದ್ದನ್ನು ರಾಜ್ಯ ತುಂಬುತ್ತದೆ.

ಓದಿದವನ ಮುಪ್ಪಿಗೆ ಸರ್ಕಾರ ಕಾವಲು ನಿಲ್ಲುವ ಪದ್ಧತಿ ಈ ನೆಲದಲ್ಲಿ ಹಳೆಯದು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು 1891ರ ಮೈಸೂರು ಸಂಸ್ಥಾನದಲ್ಲಿದೆ. ಅದು ಹುಟ್ಟಿದ್ದು ಸರ್ಕಾರದ ನೌಕರರಿಗಾಗಿ. ಗುಮಾಸ್ತನಿಗೆ ವಿಮೆ ಬಂದು ನೂರು ವರ್ಷ ಕಳೆದ ಮೇಲೂ ಕೂಲಿಯವನಿಗೆ ಸಿಕ್ಕದ್ದು ಆ 75 ರೂಪಾಯಿ.

ಹಾಗಾದರೆ ಶಾಲೆ ಅಣ್ಣನಿಗೆ ಕೊಟ್ಟದ್ದೇನು? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಮಂಡ್ಯದ ರೈತ ಸುಮ್ಮನೆ ಹೇಳುವುದಿಲ್ಲ. ಬುದ್ಧಿಯಲ್ಲಿ ತಮ್ಮ ಕಡಿಮೆಯೇನೂ ಇರಲಿಲ್ಲ. ನೀರಿನ ಸರದಿ, ಆಳಿನ ಲೆಕ್ಕ, ಆಲೆಮನೆಯ ಪಾಕದ ಹದ ಎಲ್ಲ ಬಲ್ಲವನು. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು ಗೇಟ್ ಪಾಸು. ಅದಿದ್ದವನಿಗೆ ಮೇಷ್ಟ್ರ ಕೆಲಸ, ಗ್ರಾಮ ಲೆಕ್ಕಿಗನ ಕೆಲಸ, ಕಚೇರಿಯ ಗುಮಾಸ್ತಿಕೆ ತೆರೆದುಕೊಂಡವು. ಆ ಕೆಲಸಗಳ ಹಿಂದೆ ಪಿಂಚಣಿ ಎಂಬುದು ತಾನಾಗಿ ಬಂತು. ಇಪ್ಪತ್ತರ ವಯಸ್ಸಿನಲ್ಲಿ ಕೆಲಸಕ್ಕೆ ಸೇರುವ ಹುಡುಗ ಯಾರು ತಾನೆ ಅರವತ್ತರ ಲೆಕ್ಕ ಹಾಕಿರುತ್ತಾನೆ? ಮೇಷ್ಟ್ರ ದೂರದೃಷ್ಟಿ ಎಂದು ಈಗ ಊರು ಹೊಗಳುವುದರಲ್ಲಿ ಅರ್ಧಕ್ಕರ್ಧ ಅದೃಷ್ಟವೇ ಇದೆ.

ಸರ್ಕಾರದ ಕೆಲಸದಂತೆ ಕಾಣುವುದೆಲ್ಲ ಆ ಕೆಲಸವಲ್ಲ ಎಂಬುದೂ ಇಲ್ಲಿನವರಿಗೆ ತಡವಾಗಿ ತಿಳಿಯಿತು. ಕೆ.ಎಸ್.ಆರ್.ಟಿ.ಸಿ. ಕಂಡಕ್ಟರ್‌ಗೂ ಕಾರ್ಖಾನೆಯ ಕಾರ್ಮಿಕನಿಗೂ ಇರುವುದು ಭವಿಷ್ಯನಿಧಿಗೆ ಅಂಟಿಕೊಂಡ 1995ರ ನೌಕರರ ಪಿಂಚಣಿ ಯೋಜನೆ. ಅದರ ಸೂತ್ರದಲ್ಲಿ ಪಿಂಚಣಿಗೆ ಪರಿಗಣಿಸುವ ಸಂಬಳದ ಮಿತಿ 15,000 ರೂಪಾಯಿ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಮಿತಿಯೊಳಗೆ 35 ವರ್ಷ ದುಡಿದವನಿಗೂ ಬರುವುದು 7,500. ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಿಂದ ಸಾವಿರ ರೂಪಾಯಿ. ಇದಕ್ಕೂ ತುಟ್ಟಿಭತ್ಯೆ ಇಲ್ಲ. ಒಂದೇ ಬಸ್ ನಿಲ್ದಾಣದಲ್ಲಿ ಖಾಕಿ ತೊಟ್ಟು ನಿಂತ ಕಂಡಕ್ಟರ್‌ಗೂ ಪೊಲೀಸ್ ಪೇದೆಗೂ ನಿವೃತ್ತಿಯ ಮಾರನೆಯ ದಿನ ಇರುವ ವ್ಯತ್ಯಾಸ ಇದು.

ಶಾಲೆ ಇನ್ನೊಂದನ್ನೂ ಕೊಟ್ಟಿತ್ತು. ಅದು ಯಾರ ಗಮನಕ್ಕೂ ಬರದಷ್ಟು ಸಣ್ಣದು: ಹುಟ್ಟಿದ ತಾರೀಖು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದುಕೊಂಡ ದಿನವೇ ಇರಲಿ, ಅದು ದಾಖಲೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಆ ತಾರೀಖಿಲ್ಲ. 'ಬರ ಬಿದ್ದ ವರ್ಷ ಹುಟ್ಟಿದ್ದು' ಎಂದರೆ ಕಂಪ್ಯೂಟರ್ ಕೇಳುವುದಿಲ್ಲ. ಹಾಗಾಗಿ ಹಳ್ಳಿಯ ಅಜ್ಜಿಯರ ಆಧಾರ್ ಕಾರ್ಡ್ ತೆಗೆದು ನೋಡಿದರೆ ಎಷ್ಟೋ ಜನ ಜನವರಿ 1ರಂದೇ ಹುಟ್ಟಿದ್ದಾರೆ. ನೋಂದಣಿಯ ದಿನ ಎದುರು ಕೂತವನ ಅಂದಾಜು ನಾಲ್ಕು ವರ್ಷ ಕಡಿಮೆಯಾದರೆ ಮಾಸಾಶನವೂ ನಾಲ್ಕು ವರ್ಷ ಮುಂದಕ್ಕೆ ಹೋಗುತ್ತದೆ.

ಬಂದ ದುಡ್ಡನ್ನು ಕೈಗೆ ತೆಗೆದುಕೊಳ್ಳುವಲ್ಲಿಯೂ ಓದಿಲ್ಲದಿರುವುದು ಅಡ್ಡ ಬರುತ್ತದೆ. ಪೋಸ್ಟ್‌ಮನ್ ಮನಿಯಾರ್ಡರ್ ತಂದು ಕೊಡುತ್ತಿದ್ದ ಕಾಲದಲ್ಲಿ ಹತ್ತೋ ಇಪ್ಪತ್ತೋ ಅಲ್ಲಿ ಸೋರುತ್ತಿತ್ತು ಎಂಬ ದೂರಿತ್ತು. ಈಗ ಹಣ ನೇರ ಖಾತೆಗೆ ಬರುತ್ತದೆ, ಸೋರಿಕೆ ಕಡಿಮೆ. ಆದರೆ ಖಾತೆಗೆ ಆಧಾರ್ ಜೋಡಣೆ ಬೇಕು, ಇ-ಕೆವೈಸಿ ಬೇಕು, ಮೊಬೈಲ್‌ಗೆ ಬರುವ ಓಟಿಪಿ ಓದಬೇಕು, ಹೆಬ್ಬೆಟ್ಟು ಯಂತ್ರಕ್ಕೆ ಒಪ್ಪಿಗೆಯಾಗಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಲವತ್ತು ವರ್ಷ ನಾಟಿ ಮಾಡಿ, ಕಳೆ ಕಿತ್ತು, ಕಬ್ಬಿನ ಸೋಗೆ ತರಿದ ಕೈಯ ರೇಖೆಗಳು ಸವೆದಿರುತ್ತವೆ. ಯಂತ್ರ ಅಂಥ ಬೆರಳನ್ನು ಗುರುತಿಸುವುದಿಲ್ಲ. ಸಹಿ ಹಾಕಿಕೊಂಡೇ ಬದುಕಿದ ಬೆರಳಿಗೆ ಈ ಕಷ್ಟ ಕಡಿಮೆ.

ಅಣ್ಣ ತಮ್ಮಂದಿರ ಈ ಕಥೆಯಲ್ಲಿ ಅವರ ಅಕ್ಕ ಎಲ್ಲಿದ್ದಾಳೆ? ಅವಳನ್ನು ಶಾಲೆಗೆ ಕಳಿಸಲೇ ಇಲ್ಲ. 1961ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಓದುಬರಹ ಬಲ್ಲ ಗಂಡಸರು ನೂರಕ್ಕೆ 40, ಹೆಂಗಸರು 15. ಐವತ್ತು ವರ್ಷ ಕಳೆದು 2011ರಲ್ಲಿ ಎಣಿಸಿದಾಗಲೂ ಮಂಡ್ಯ ಜಿಲ್ಲೆಯಲ್ಲಿ ಗಂಡಸರ ಸಾಕ್ಷರತೆ ಶೇ 78, ಹೆಂಗಸರದು ಶೇ 62ರ ಚಿಲ್ಲರೆ. ಆ ಓದದ ಹೆಂಗಸರಲ್ಲಿ ದೊಡ್ಡ ಪಾಲು ಇಂದಿನ ಅಜ್ಜಿಯರೇ.

ಇಲ್ಲಿ ಒಂದು ಸೋಜಿಗ ಗಮನಿಸಬೇಕು. ಹೆಂಗಸಿನ ಮುಪ್ಪನ್ನು ಅವಳ ಓದಿಗಿಂತ ಹೆಚ್ಚಾಗಿ ಗಂಡನ ಓದು ನಿರ್ಧರಿಸಿಬಿಟ್ಟಿದೆ. ಮೇಷ್ಟ್ರ ಹೆಂಡತಿ ಅಕ್ಷರ ಬಾರದವಳೇ ಆಗಿರಬಹುದು. ಗಂಡ ತೀರಿಕೊಂಡ ಮೇಲೂ ಅವಳಿಗೆ ಕುಟುಂಬ ಪಿಂಚಣಿ ಬರುತ್ತದೆ. ರೈತನ ಹೆಂಡತಿ ಅದೇ ವಯಸ್ಸಿನಲ್ಲಿ ವಿಧವೆಯಾದರೆ ತಿಂಗಳಿಗೆ 800 ರೂಪಾಯಿಯ ವಿಧವಾ ವೇತನ. ಅದು, ಸಂಧ್ಯಾ ಸುರಕ್ಷಾ ಎರಡೂ ಒಬ್ಬಳಿಗೇ ಸಿಗುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕಾರಣ ವರ್ಷಕ್ಕೆ ಆರು ಸಾವಿರದ ಪಿ.ಎಂ. ಕಿಸಾನ್ ಹಣವೂ ಗಂಡನ ಹೆಸರಿಗೇ ಬಂದಿರುತ್ತದೆ. ನಾಟಿ ಮಾಡಿದವಳು ಅವಳು, ರೈತ ಅವನು.

ನ್ಯಾಯವಾಗಿ ಹೇಳಬೇಕೆಂದರೆ ಈಚಿನ ವರ್ಷಗಳಲ್ಲಿ ಅಜ್ಜಿಯರ ಕೈಗೆ ಒಂದಿಷ್ಟು ಕಾಸು ಬಂದಿದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಗೋ ಸೊಸೆಗೋ ಎಂಬ ಜಗಳ ರಾಜ್ಯವಿಡೀ ನಡೆಯಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಎಂದು ತೀರ್ಮಾನವಾದಾಗ ಬಹಳ ಮನೆಗಳಲ್ಲಿ ಗೆದ್ದದ್ದು ಅತ್ತೆ. ವೃದ್ಧಾಪ್ಯದ ಹೆಸರಿನಲ್ಲಿ ಸಿಗದಷ್ಟು ಹಣ ಯಜಮಾನಿಕೆಯ ಹೆಸರಿನಲ್ಲಿ ಸಿಕ್ಕಿತು. ಬಸ್ಸೂ ಅವಳಿಗೆ ಬಿಟ್ಟಿ. ಅಜ್ಜ ಮಾತ್ರ ಮಂಡ್ಯದ ಆಸ್ಪತ್ರೆಗೆ ಹೋಗಲು ಟಿಕೆಟ್ ತೆಗೆಯಬೇಕು. ಅಕ್ಕಿಯೂ ಬರುತ್ತದೆ, ಹಾಗಾಗಿ ಇಲ್ಲಿನ ಮುಪ್ಪಿನ ಬಡತನ ಖಾಲಿ ತಟ್ಟೆಯ ರೂಪದಲ್ಲಿ ಕಾಣುವುದು ಅಪರೂಪ. ಬಿ.ಪಿ. ಮಾತ್ರೆ ಮುಗಿದು ನಾಲ್ಕು ದಿನವಾದರೂ ಹೇಳದೆ ಸುಮ್ಮನಿರುವುದು, ಕಣ್ಣಿನ ಪೊರೆ ತೆಗೆಸುವುದನ್ನು ಸುಗ್ಗಿ ಕಳೆಯಲಿ ಎಂದು ಮುಂದೂಡುವುದು, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ ಇಡಲಾಗದೆ ಮುಖ ಆ ಕಡೆ ತಿರುಗಿಸುವುದು: ಅದರ ರೂಪ ಹೀಗೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯೂ ಮುಂಬೈಯ ಜನಸಂಖ್ಯಾ ಅಧ್ಯಯನ ಸಂಸ್ಥೆಯೂ ಸೇರಿ 2023ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದ ಹಿರಿಯರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನ ತೀರ ಬಡ ವರ್ಗದಲ್ಲಿದ್ದಾರೆ, ಸುಮಾರು 19 ಜನರಿಗೆ ಯಾವ ಆದಾಯವೂ ಇಲ್ಲ.

ಹೀಗಿರಲೇಬೇಕೆಂದು ಯಾವ ಹಣೆಬರಹವೂ ಇಲ್ಲ. ಗಡಿ ದಾಟಿ ಆಂಧ್ರದ ಮಡಕಶಿರಾ ಕಡೆ ಹೋದರೆ ಅಲ್ಲೂ ಕನ್ನಡ ಮಾತಾಡುವ ಮುದುಕ ಮುದುಕಿಯರಿದ್ದಾರೆ. 2024ರ ಜುಲೈನಿಂದ ಅಲ್ಲಿನ ವೃದ್ಧಾಪ್ಯ ಪಿಂಚಣಿ 4,000 ರೂಪಾಯಿ, ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಕೇರಳ ಕೊಡುತ್ತಿದ್ದ 1,600 ರೂಪಾಯಿ 2025ರ ಕೊನೆಯಲ್ಲಿ 2,000 ಆಯಿತು. ನಮಗಿಂತ ಬಡ ದೇಶವಾದ ನೇಪಾಳ 68 ತುಂಬಿದ, ಬೇರೆ ಸರ್ಕಾರಿ ಪಿಂಚಣಿಯಿಲ್ಲದ ಹಿರಿಯರಿಗೆ ತನ್ನ ಲೆಕ್ಕದ 4,000, ನಮ್ಮ ಲೆಕ್ಕದ 2,500 ರೂಪಾಯಿ ಕೊಡುತ್ತದೆ. ದುಡ್ಡಿಲ್ಲ ಎಂಬ ಮಾತನ್ನು ಕರ್ನಾಟಕದಂಥ ರಾಜ್ಯ ಹೇಳಿದರೆ ನಂಬುವುದು ಕಷ್ಟ.

ತಮ್ಮನ ಕಥೆಗೆ ಇನ್ನೊಂದು ಮಗ್ಗುಲಿದೆ. ತಾನು ಓದದೆ ಕೆಟ್ಟೆ ಎಂದು ತಿಳಿದ ಮೇಲೆ ಅವನು ಮಕ್ಕಳ ಓದಿಗೆ ಬಿದ್ದ. ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲೇ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಮೇಲೆ ರೈತರ ಮಕ್ಕಳು ಎಂಜಿನಿಯರಾಗುವುದು ಕನಸಿನ ಮಾತಾಗಿ ಉಳಿಯಲಿಲ್ಲ. ಫೀಸಿಗೆ ಒಡವೆ ಅಡವಾಯಿತು, ಕೆಲವರದು ಹತ್ತು ಗುಂಟೆ ಮಾರಾಟವಾಯಿತು. ಮಗ ಓದಿದ, ಬೆಂಗಳೂರಿಗೆ ಹೋದ. ಅಲ್ಲಿನ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು, ಸಾಲದ ಕಂತು ಕಳೆದು ಊರಿಗೆ ಕಳಿಸಲು ಉಳಿಯುವುದು ಹಬ್ಬಕ್ಕೊಂದು ಸೀರೆ, ಪಂಚೆ. ಮಗ ಕೆಟ್ಟವನೇನಲ್ಲ. ಅಪ್ಪನ ಮುಪ್ಪಿನ ಗಂಟು ಮಗನ ಡಿಗ್ರಿಯಾಗಿ ಬದಲಾಯಿತು, ಆ ಡಿಗ್ರಿಯ ಫಲ ಮೊಮ್ಮಗನ ಡಿಗ್ರಿಗೆ ಹೋಯಿತು.

ಇದು ಮಂಡ್ಯಕ್ಕೊಂದೇ ಸೀಮಿತವಾದ ಕಥೆಯೂ ಅಲ್ಲ. ದಕ್ಷಿಣ ಕೊರಿಯಾ ಓದಿಗೆ ಪ್ರಾಣ ಬಿಡುವ ದೇಶ. ಒಂದು ತಲೆಮಾರು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳ ಟ್ಯೂಷನ್ನಿಗೆ ಸುರಿಯಿತು. ರಾಷ್ಟ್ರೀಯ ಪಿಂಚಣಿ ಅಲ್ಲಿ ಶುರುವಾದದ್ದು 1988ರಲ್ಲಿ, ಆ ತಲೆಮಾರಿಗೆ ತೀರ ತಡವಾಗಿ. ದೇಶದ ನಡುಮಟ್ಟದ ಆದಾಯದ ಅರ್ಧವೂ ಇಲ್ಲದವರನ್ನು ಬಡವರು ಎಂದು ಲೆಕ್ಕ ಹಿಡಿದರೆ ಅಲ್ಲಿ 65 ದಾಟಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಬಡವರು. ಶ್ರೀಮಂತ ದೇಶಗಳಲ್ಲೆಲ್ಲ ಇದು ಅತಿ ಹೆಚ್ಚಿನ ಮಟ್ಟ. 1957ರಿಂದಲೇ ಎಲ್ಲ ನಿವಾಸಿಗಳಿಗೂ ಮುಪ್ಪಿನ ಪಿಂಚಣಿ ಕೊಟ್ಟ ನೆದರ್ಲೆಂಡ್ಸ್‌ನಲ್ಲಿ ಇಂಥ ಬಡತನ ಬಹಳ ಕಡಿಮೆ. ಮಕ್ಕಳು ಎಷ್ಟು ಓದಿದರು ಎಂಬುದರ ಮೇಲೆ ಅಪ್ಪ ಅಮ್ಮನ ಮುಪ್ಪು ನಿಂತಿರಲಿಲ್ಲ.

ಮಕ್ಕಳು ಪೂರ್ತಿ ಕೈಬಿಟ್ಟರೆ ಕಾನೂನು ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶವಾಗಬಹುದು. ವಕೀಲರೂ ಬೇಕಿಲ್ಲ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ರದ್ದು ಮಾಡಿಸಲೂ ಅವಕಾಶವಿದೆ. ಆ ಷರತ್ತು ಪತ್ರದಲ್ಲೇ ಬರೆದಿದ್ದರೆ ಕೆಲಸ ಸುಲಭ. ಆದರೆ ಹೆಬ್ಬೆಟ್ಟು ಒತ್ತುವ ಅಜ್ಜ ಪತ್ರದಲ್ಲಿ ಏನಿದೆಯೆಂದು ಓದಿರುವುದಿಲ್ಲ. ಮಗನ ಮೇಲೆ ದೂರು ಕೊಟ್ಟರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂಬುದು ಅದಕ್ಕೂ ದೊಡ್ಡ ಅಡ್ಡಿ.

ಇನ್ನು ಮುಂದೆ ಓದಿದರೆ ಸಾಕೇ? ಆ ಬಾಗಿಲೂ ಅರ್ಧ ಮುಚ್ಚಿದೆ. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆ ಬಂತು. ಸಂಬಳದಿಂದ ಕಡಿದು ಕೂಡಿಟ್ಟ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಅವರಿಗೆ. ಅತಿಥಿ ಶಿಕ್ಷಕ, ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್‌ಗಳಿಗೆ ಅದೂ ಇಲ್ಲ. ಡಿಗ್ರಿ ಇದೆ, ಪಿಂಚಣಿಯಿಲ್ಲ ಎಂಬ ಹೊಸ ತಲೆಮಾರು ಇದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಭವಿಷ್ಯನಿಧಿ ಇದೆ, ಆದರೆ ಪಿಂಚಣಿ ಬೇಕೆಂದರೆ ಹತ್ತು ವರ್ಷದ ಸೇವೆ ಬೇಕು. ಮದುವೆ, ಹೆರಿಗೆ ಎಂದು ನಡುವೆ ಬಿಡುವವರು ಇದ್ದಷ್ಟನ್ನು ತೆಗೆದುಕೊಂಡು ಹೊರಡುತ್ತಾರೆ. ಆ ಹಣದ ಬೆಲೆ ಅವರಿಗೆ ಗೊತ್ತಿಲ್ಲವೆಂದೇನೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ತೆಗೆಯುವುದಕ್ಕೆ ಕೇಂದ್ರ ಅಡ್ಡಗಟ್ಟಲು ಹೊರಟಾಗ ಬೆಂಗಳೂರಿನ ಹೆದ್ದಾರಿಗಳಲ್ಲಿ ಈ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬಂದು ಕೂತರು. ಎರಡನೇ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ತಾವೇ ಕೂಡಿಟ್ಟುಕೊಳ್ಳಲಿ ಎಂದು 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಅರವತ್ತಾದ ಮೇಲೆ 5,000 ಖಾತ್ರಿ. ನಲವತ್ತರಲ್ಲಿ ಎಚ್ಚೆತ್ತವನು ಅದಕ್ಕೇ 1,454 ಕಟ್ಟಬೇಕು. ಈ ಲೆಕ್ಕ ಗೊತ್ತಾಗುವುದು ಹದಿನೆಂಟರಲ್ಲಿ ಬ್ಯಾಂಕಿನ ಫಾರಂ ಓದಬಲ್ಲವನಿಗೆ. ಮೊದಲ ದಿನವೇ ಸೇರಿದ ನಲವತ್ತರವರಿಗೂ ಪಿಂಚಣಿ ಶುರುವಾಗುವುದು 2035ರಲ್ಲಿ. ಬೆಂಚಿನ ಮೇಲೆ ಕೂತವರಿಗೆ ಅದರಿಂದ ಏನೂ ಇಲ್ಲ.

ಅವರಿಗೆ ಈಗ ಆಗಬೇಕಾದದ್ದು ಎರಡು. ಒಂದು, ಮೇಷ್ಟ್ರ ಪಿಂಚಣಿಯಂತೆ 1,200 ರೂಪಾಯಿಯೂ ಬೆಲೆಯ ಜೊತೆ ಏರಬೇಕು. ಅದು ವಿಧಾನಸೌಧದ ಕೆಲಸ. ಎರಡನೆಯದು ಈ ಬರಹ ಓದಬಲ್ಲವರ ಕೆಲಸ. ನಿಮ್ಮ ಬೀದಿಯಲ್ಲಿ 65 ದಾಟಿಯೂ ಮಾಸಾಶನ ಬಾರದ, ಇಲ್ಲವೇ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಹೋದ ಅಜ್ಜಿಯೊಬ್ಬಳು ಇದ್ದೇ ಇರುತ್ತಾಳೆ. ಅವಳ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಮೂರನ್ನೂ ಒಮ್ಮೆ ತೆರೆದು ಹೆಸರು, ವಯಸ್ಸು ಹೊಂದುತ್ತವೆಯೇ ನೋಡಿ, ಅವಳನ್ನು ಹೋಬಳಿಯ ನಾಡಕಚೇರಿಗೆ ಕರೆದುಕೊಂಡು ಹೋಗಿ ಅರ್ಜಿ ಬರೆದುಕೊಡಿ. ಒಂದು ಬೆಳಗಿನ ಕೆಲಸ.